ವೈರಿಗಳ ಬಲವಂತದ ಮದುವೆಯ ಕತೆ ಬರೆಯುವುದು ಹೇಗೆ: ಉತ್ತರ ಕನ್ನಡದ ಹಿನ್ನೆಲೆಯಲ್ಲೊಂದು ಸಮಗ್ರ ಮಾರ್ಗದರ್ಶಿ

ಕಂತುಗಳಲ್ಲಿ ಬರುವ ಚಾರಿತ್ರಿಕ ಡಾರ್ಕ್ ರೊಮ್ಯಾನ್ಸ್ (ಹಗೆ, ಹಿಂಸೆಯ ಕತ್ತಲಲ್ಲಿ ಬೆಳೆಯುವ ಪ್ರೇಮದ) ಕತೆಗಳು ಹೆಚ್ಚಾಗಿ ಒಂದೇ ಕಡೆ ಮುಗ್ಗರಿಸುತ್ತವೆ. ಕೋಟೆ ಬೀಳುತ್ತದೆ, ಸೋತ ಮನೆಯ ಹೆಣ್ಣನ್ನು ಗೆದ್ದವನಿಗೆ ಕೊಡುತ್ತಾರೆ, ಮೊದಲ ರಾತ್ರಿ ಅವಳ ಸೆರಗಿನಲ್ಲಿ ಬಾಕು. ಅಲ್ಲಿಯವರೆಗೆ ಓದುಗರು ಜತೆಗಿರುತ್ತಾರೆ. ಹತ್ತು ಹನ್ನೆರಡನೇ ಕಂತಿಗೆ ಬರೆಯುವವರಿಗೆ ಪ್ರೀತಿಯ ಅವಸರ. ಆಗೊಬ್ಬ ಹಳೆಯ ಸೇವಕ ಬಂದು ‘ನಿಮ್ಮ ಅಣ್ಣನನ್ನು ಕೊಂದದ್ದು ಇವರಲ್ಲ’ ಎಂದುಬಿಡುತ್ತಾನೆ. ಅಲ್ಲಿಗೆ ವೈರವೂ ಹೋಯಿತು, ಕತೆಯೂ ಹೋಯಿತು. ಉಳಿದ ಇಪ್ಪತ್ತೆಂಟು ಕಂತು ಬರೀ ಮುನಿಸು.

ಇದನ್ನು ತಪ್ಪಿಸಲು ಹಂತಗಳ ಕ್ರಮ ಕೆಡಿಸಬಾರದು. ಇಲ್ಲಿನ ಲೆಕ್ಕ 40 ಕಂತುಗಳಿಗೆ, ಕಂತಿಗೆ 1200ರಿಂದ 1500 ಪದ. ಚಿಕ್ಕ ಕತೆಯಾದರೆ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ.

## ಬರೆಯುವ ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ನೋಟುಪುಸ್ತಕ, ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದು. ಮಳೆನಕ್ಷತ್ರಗಳಿರುವ ಒಂದು ಪಂಚಾಂಗ. ಕತೆ ನಡೆಯುವ ಮನೆಯ ಕೈನಕ್ಷೆ: ಅಡುಗೆಮನೆ, ಕಣಜ, ಬಾವಿ, ಇಬ್ಬರೂ ಮಲಗುವ ಜಾಗ, ಎಷ್ಟು ಬಾಗಿಲು, ಯಾವುದರ ಬೀಗದ ಕೈ ಯಾರ ಸೊಂಟದಲ್ಲಿ. ನಕ್ಷೆ ಇಲ್ಲದೆ ಬರೆದವರ ಕತೆಯಲ್ಲಿ ಎಲ್ಲ ಮಾತೂ ‘ಅಂತಃಪುರ’ ಎಂಬ ಗೋಡೆಯಿಲ್ಲದ ಜಾಗದಲ್ಲಿ ನಡೆಯುತ್ತದೆ.

## ಹಂತ 1: ಕಾಲ, ಜಾಗ, ಎರಡು ಮನೆ

ದೊಡ್ಡ ಅರಸರನ್ನು ಹಿನ್ನೆಲೆಗೆ ಬಿಡಿ. ನಾಯಕ ನಾಯಕಿಯನ್ನು ಅವರ ಕೈಕೆಳಗಿನ ಕಲ್ಪಿತ ಮನೆಗಳಿಂದ ತೆಗೆದುಕೊಳ್ಳಿ. ನಿಜವಾದ ರಾಣಿಗೆ ಇಲ್ಲದ ಗಂಡನನ್ನು ಕಟ್ಟಿದರೆ ಇತಿಹಾಸ ಬಲ್ಲವರು ಎರಡನೇ ಕಂತಿಗೇ ಹಿಡಿಯುತ್ತಾರೆ.

ಈ ಜಿಲ್ಲೆಯಲ್ಲಿ ಇಂಥ ಕತೆಗೆ ಹೇಳಿಮಾಡಿಸಿದ ಕಾಲ 1606ರ ಆಸುಪಾಸು. ಕೆಳದಿಯ ವೆಂಕಟಪ್ಪ ನಾಯಕನ ದಂಡು ಗೇರುಸೊಪ್ಪೆಯನ್ನು ಮುಗಿಸುತ್ತದೆ, ಪರಂಗಿಯವರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಚೆನ್ನಭೈರಾದೇವಿ ಇಕ್ಕೇರಿಯಲ್ಲಿ ಸೆರೆಯಾಗುತ್ತಾಳೆ. ಹೊನ್ನಾವರದ ಕೋಟೆಯಲ್ಲಿ ಪೋರ್ಚುಗೀಸರು 1569ರಿಂದ ಕೂತಿದ್ದಾರೆ, 1654ರವರೆಗೆ ಏಳುವುದಿಲ್ಲ. ಅಂದರೆ ಹಳೆಯ ಒಡೆಯರು ಹೋಗಿದ್ದಾರೆ, ಹೊಸಬರಿಗೆ ನೆಲ ಗಟ್ಟಿಯಾಗಿಲ್ಲ, ಮೂರನೆಯವರು ಕಡಲಲ್ಲಿ ಕಾಯುತ್ತಿದ್ದಾರೆ. ಬಲವಂತದ ಮದುವೆಗೆ ರಾಜಕೀಯ ಕಾರಣ ತಾನಾಗಿ ಒದಗುತ್ತದೆ.

ಮುಂದಿನ ಉದಾಹರಣೆಗಳಿಗೆ ಒಂದು ಜೋಡಿ ಇಟ್ಟುಕೊಳ್ಳೋಣ. ಅವಳು ಅಘನಾಶಿನಿ ದಂಡೆಯ ಚಿಕ್ಕ ಕೋಟೆಯ ಜೈನ ಮನೆತನದವಳು, ವಯಸ್ಸು 24. ಅವನು ಆ ಕೋಟೆ ಹಿಡಿದ ಕೆಳದಿಯ ದಳವಾಯಿ, ವೀರಶೈವ, 31. ಅವನ ಮನೆ ಘಟ್ಟದ ಮೇಲೆ, ಈಗಿನ ಸಿದ್ದಾಪುರ ಸೀಮೆಯಲ್ಲಿ. ವಯಸ್ಸನ್ನು ಮೊದಲ ಕಂತಿನಲ್ಲೇ ಸ್ಪಷ್ಟ ಮಾಡಿ. ‘ಆ ಕಾಲದಲ್ಲಿ ಹಾಗೇ ಇತ್ತು’ ಎಂದು ಹದಿನಾಲ್ಕರ ಹುಡುಗಿಯನ್ನು ನಾಯಕಿ ಮಾಡುವ ಕತೆಯನ್ನು ಪ್ರೇಮಕತೆ ಎಂದು ಬರೆಯಲೇಬಾರದು.

## ಹಂತ 2: ಋಣದ ಪಟ್ಟಿ

ಇಡೀ ಕತೆ ನಿಂತಿರುವುದು ಈ ಹಂತದ ಮೇಲೆ. ಉಳಿದ ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಕೊಡಿ.

ನೋಟುಪುಸ್ತಕದ ಎಡಕ್ಕೆ ಅವನು ಅವಳಿಗೆ ಮಾಡಿದ್ದು, ಬಲಕ್ಕೆ ಅವಳು ಅವನಿಗೆ ಮಾಡಿದ್ದು. ಪ್ರತಿ ಬದಿಗೆ ಕನಿಷ್ಠ ಮೂರು. ಪ್ರತಿಯೊಂದರ ಮುಂದೆ ನಾಲ್ಕು ಸಂಗತಿ: ಯಾರ ಕೈಯಿಂದ ಆಯಿತು, ಏನು ಹೋಯಿತು, ಯಾರು ಕಂಡರು, ಎದುರಿನವರಿಗೆ ಗೊತ್ತಿದೆಯೇ. ಎರಡೂ ಬದಿಯಲ್ಲಿ ಒಂದಾದರೂ ಅವರವರ ಸ್ವಂತ ಕೈಯಿಂದಲೇ ಆದದ್ದಿರಬೇಕು. ತಂದೆಯ ತಪ್ಪು, ದೊರೆಯ ಅಪ್ಪಣೆ, ದಂಡಿನವರ ಹದ್ದುಮೀರಿಕೆ ಇವೆಲ್ಲ ಲೆಕ್ಕಕ್ಕಿಲ್ಲ.

ನಮ್ಮ ಜೋಡಿಯ ಎಡಬದಿ ಹೀಗಿರಬಹುದು. ಕೊಯ್ದು ಒಣಗಿಸಿಟ್ಟ ಆ ವರ್ಷದ ಕಾಳುಮೆಣಸಿನ ಉಗ್ರಾಣಕ್ಕೆ ಅವನೇ ಬೆಂಕಿ ಇಡಿಸಿದ. ಒಳಗೆ ಇಬ್ಬರು ಕಾವಲಿನವರಿದ್ದರು. ಅವಳ ಅಣ್ಣ ಅವನ ಕತ್ತಿಗೇ ಬಿದ್ದ, ಅವಳು ಕೊತ್ತಲದ ಮೇಲಿಂದ ನೋಡಿದಳು. ಸೋತ ಮನೆಯ ಬಸದಿಯ ದೀಪದೆಣ್ಣೆಗೆ ಬಿಟ್ಟ ಗದ್ದೆಯನ್ನು ಅವನು ತನ್ನ ಸವಾರರಿಗೆ ಹಂಚಿದ. ಬಲಬದಿ: ಹೊನ್ನಾವರದ ಪರಂಗಿಯವರಿಗೆ ಹೋದ ಓಲೆ ಅವಳ ಅಕ್ಷರದ್ದು, ಅದರಿಂದ ಬಂದ ದೋಣಿಗಳು ನದಿಯುದ್ದಕ್ಕೂ ಸುಟ್ಟ ಊರುಗಳಲ್ಲಿ ಅವನ ಅಕ್ಕನ ಗಂಡನ ಮನೆಯೂ ಒಂದು. ಸಂಧಿಗೆಂದು ಬಂದ ಅವನ ದೂತನನ್ನು ಮೂರು ದಿನ ನೀರಿಲ್ಲದೆ ಇಟ್ಟದ್ದು ಅವಳ ಮಾತಿನ ಮೇಲೆ. ಮೂರನೆಯದನ್ನು ನೀವೇ ಕಟ್ಟಿ.

ಆಮೇಲೆ ಪ್ರತಿಯೊಂದಕ್ಕೂ ಗುರುತು ಹಾಕಿ: ತೀರುವಂಥದ್ದೋ, ತೀರದ್ದೋ. ಗದ್ದೆ ವಾಪಸು ಕೊಡಬಹುದು. ಮೆಣಸಿನ ಬೆಲೆ ವರಹಗಳಲ್ಲಿ ಕಟ್ಟಿಕೊಡಬಹುದು. ಅಣ್ಣ ವಾಪಸು ಬರುವುದಿಲ್ಲ. ತೀರುವ ಋಣಗಳು ಕತೆಯನ್ನು ಮುಂದಕ್ಕೆ ಎಳೆಯುತ್ತವೆ, ತೀರದ್ದು ಕತೆಯ ಕತ್ತಲು. ಪ್ರೀತಿ ಬೆಳೆದ ಮೇಲೂ ತೀರದ್ದು ಮನೆಯಲ್ಲಿ ಇದ್ದೇ ಇರಬೇಕು. ಅದನ್ನು ಅಳಿಸಿಹಾಕುವ ಯಾವ ಗುಟ್ಟೂ, ಯಾವ ಅವಳಿಜವಳಿಯೂ, ಯಾವ ನಿಜವಾದ ಕೊಲೆಗಾರನೂ ಹೊರಗೆ ಬರಬಾರದು.

ಎಚ್ಚರಿಕೆಯ ಗುರುತು: ಪಟ್ಟಿಯಲ್ಲಿ ‘ಅವಮಾನ ಮಾಡಿದ’, ‘ಅಹಂಕಾರದಿಂದ ನೋಡಿದಳು’ ಎಂಬ ಸಾಲುಗಳೇ ಹೆಚ್ಚಿದ್ದರೆ ಅದು ವೈರವಲ್ಲ, ಕಾಲೇಜು ಕತೆಗೆ ಪೇಟ ತೊಡಿಸಿದ್ದು.

## ಹಂತ 3: ಮದುವೆಯ ಕರಾರು

‘ರಾಜಾಜ್ಞೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಇದು ಸಂಧಿ, ಸಂಧಿಗೆ ಕಲಮುಗಳಿರುತ್ತವೆ. ತಾಳೆಗರಿಯಲ್ಲಿ ಬರೆದ ಐದು ಕಲಮು ಸಾಕು. ಅವು ಕತೆಯುದ್ದಕ್ಕೂ ಒಂದೊಂದಾಗಿ ಮುರಿಯಲು ಬರುವಂತಿರಲಿ.

ಉದಾಹರಣೆಗೆ: ಅವಳನ್ನು ಲಿಂಗದೀಕ್ಷೆಗೆ ಒತ್ತಾಯಿಸಕೂಡದು. ಅವಳ ತಮ್ಮ ಇಕ್ಕೇರಿಯಲ್ಲಿ ಒತ್ತೆಯಾಗಿ ಇರತಕ್ಕದ್ದು. ವರ್ಷಕ್ಕೆ ಇಷ್ಟು ಖಂಡುಗ ಮೆಣಸು ಕಪ್ಪ. ಅವಳ ಓಲೆಗಳನ್ನು ಒಡೆದು ಓದುವ ಹಕ್ಕು ಗಂಡನ ಮನೆಗೆ. ಮಗುವಾದರೆ ನದಿಯ ಸುಂಕ ಆ ಮಗುವಿಗೆ. ಈ ಕೊನೆಯ ಕಲಮಿಗೆ ಒಂದು ತಿರುವು ಕೊಡಬಹುದು: ಕರಾವಳಿಯ ಜೈನ ಅರಸು ಮನೆತನಗಳಲ್ಲಿ ಅಳಿಯಸಂತಾನ ಇತ್ತು, ಹಕ್ಕು ಸೋದರಮಾವನಿಂದ ಸೋದರಳಿಯನಿಗೆ. ಅವಳ ಕಡೆಯವರ ಕಣ್ಣಲ್ಲಿ ಅವಳ ಮಗು ಅವಳ ಮನೆಯದು. ಅವನ ಕಡೆಯವರಿಗೆ ಅವನ ವಂಶದ್ದು. ಒಂದೇ ಕಲಮಿಗೆ ಇಬ್ಬರೂ ಮುದ್ರೆ ಒತ್ತಿದ್ದಾರೆ, ಎರಡು ಅರ್ಥದಲ್ಲಿ.

ಪರೀಕ್ಷೆ: ಅವನಿಗೂ ಈ ಮದುವೆ ಬೇಡವಾಗಿರಬೇಕು, ಬೇಡ ಎನ್ನಲು ಆಗದ ಕಾರಣವೂ ಇರಬೇಕು. ಅವನಿಗೆ ಮೊದಲಿಂದಲೇ ಅವಳ ಮೇಲೆ ಮನಸ್ಸಿದ್ದರೆ ಅದು ಅಪಹರಣದ ಕತೆ, ಬೇರೆ ಪ್ರಕಾರ.

## ಹಂತ 4: ಮದುವೆಯ ದಿನ

ವೈಶಾಖದಲ್ಲಿ ಇಡಿ. ಘಟ್ಟದ ದಾರಿ ಇನ್ನೂ ಒಣಗಿರುತ್ತದೆ, ಮಳೆಗೆ ಒಂದು ತಿಂಗಳಿರುತ್ತದೆ, ಮುಂದಿನ ಹಂತಕ್ಕೆ ಅದು ಬೇಕು. ಮೇನೆಯಲ್ಲಿ ಕಡಲಂಚಿನಿಂದ ಘಟ್ಟ ಹತ್ತಲು ಮೂರು ದಿನವಾದರೂ ಹಿಡಿಸಿ; ಬೆಳಿಗ್ಗೆ ಹೊರಟು ಸಂಜೆಗೆ ತಲುಪಿಸಿದರೆ ಓದುಗರ ಕಣ್ಣಿಗೆ ದೇವಿಮನೆ ಘಟ್ಟದ ಬಸ್ಸು ಬರುತ್ತದೆ.

ಇಲ್ಲಿನ ದೊಡ್ಡ ತಪ್ಪು ಕಣ್ಣುಗಳ ವರ್ಣನೆ. ‘ಅವಳ ಕಣ್ಣಲ್ಲಿ ದ್ವೇಷದ ಬೆಂಕಿ, ಆದರೂ ಅವನ ಎದೆ ಒಂದು ಕ್ಷಣ ನಿಂತಿತು’ ಎಂಬ ಸಾಲು ಯಾವ ಕತೆಗಾದರೂ ಅಂಟುತ್ತದೆ. ಅದರ ಬದಲು ಎರಡು ಮನೆಗಳ ಆಚಾರ ಒಂದಕ್ಕೊಂದು ತಾಗುವ ಜಾಗ ಹುಡುಕಿ. ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮದುವೆಯ ಊಟ ದೀಪ ಹಚ್ಚಿದ ಮೇಲೆ.

‘ಎಲೆಗೆ ಅನ್ನ ಬಿತ್ತು. ತೊವ್ವೆ ಬಿತ್ತು. ಬಡಿಸುವವನು ಮುಂದೆ ಹೋದ. ಅವಳು ತೊಡೆಯ ಮೇಲಿನ ಕೈ ಎತ್ತಲಿಲ್ಲ.

“ನಮ್ಮ ಮನೆಯ ಅನ್ನ ಸೇರುವುದಿಲ್ಲವೋ?” ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು. ಪಂಕ್ತಿಯಲ್ಲಿ ಕೈಗಳು ನಿಂತವು.

“ಹೊತ್ತು ಮುಳುಗಿದೆ.”

ಯಾರಿಗೂ ತಲೆಬುಡ ತಿಳಿಯಲಿಲ್ಲ, ದಳವಾಯಿಯೊಬ್ಬನ ಹೊರತು. ಮುತ್ತಿಗೆಯ ಅಷ್ಟೂ ದಿನ ಆ ಕೋಟೆಯ ಅಡುಗೆಯ ಹೊಗೆ ಹೊತ್ತು ಇಳಿಯುವ ಮೊದಲೇ ನಿಲ್ಲುವುದನ್ನು ಅವನು ನೋಡಿದ್ದ. ಒಳಗಿನವರೆಲ್ಲ ಉಣ್ಣಲು ಕೂರುವ ಹೊತ್ತು ಯಾವುದೆಂದು ಗುರುತಿಟ್ಟು, ಏಣಿ ಹಾಕಿಸಿದ್ದೂ ಆ ಹೊತ್ತಿಗೇ.’

ಅವನಿಗೆ ಅವಳ ಮನೆಯ ದಿನಚರಿ ಅಂಗೈಯಷ್ಟು ಗೊತ್ತು, ಏಕೆಂದರೆ ಅದನ್ನು ಮುರಿಯಲೆಂದೇ ಕಲಿತಿದ್ದ. ಡಾರ್ಕ್ ರೊಮ್ಯಾನ್ಸಿನಲ್ಲಿ ಆಕರ್ಷಣೆ ಹುಟ್ಟಬೇಕಾದ್ದು ಈ ತಿಳಿವಿನಿಂದ. ಮರುದಿನ ಅವಳ ಊಟ ಹೊತ್ತಿರುವಾಗಲೇ ಬರುತ್ತದೆ. ಯಾರು ಹೇಳಿದರೆಂದು ಯಾರೂ ಹೇಳುವುದಿಲ್ಲ. ಅವಳು ಕೃತಜ್ಞಳಾಗುವುದಿಲ್ಲ, ಇವನಿಗೆ ಹೇಗೆ ಗೊತ್ತಾಯಿತೆಂದು ಲೆಕ್ಕ ಹಾಕುತ್ತಾಳೆ, ಎರಡು ಕಂತು ಕಳೆದು ಉತ್ತರ ಹೊಳೆದಾಗ ಊಟ ಬಿಡುತ್ತಾಳೆ.

ಸಂಬೋಧನೆಯನ್ನೂ ಇಲ್ಲೇ ನಿರ್ಧರಿಸಿ. ನಾಲ್ಕು ಜನರ ಎದುರು ಅವಳು ‘ದಳವಾಯಿಗಳು’ ಎನ್ನುತ್ತಾಳೆ, ಹೆಸರು ಎತ್ತುವುದಿಲ್ಲ. ಆಳುಕಾಳುಗಳು ‘ಅಮ್ಮನವರು’ ಎನ್ನಬೇಕು, ಆದರೆ ಬೆನ್ನ ಹಿಂದೆ ‘ಆ ಕೋಟೆಯವಳು’. ಅವನು ಅವಳಿಗೆ ‘ನೀವು’ ಎನ್ನಲಿ, ಶತ್ರುವಿನ ದೂತರಿಗೆ ಹೇಳುವ ನೀವು. ಅದು ‘ನೀನು’ ಆಗುವುದು ಒಂದೇ ಸಲ, ಇಪ್ಪತ್ತರ ಆಚೆಯ ಕಂತಿನಲ್ಲಿ. ‘ಪ್ರಿಯೆ’, ‘ನನ್ನ ರಾಣಿ’ ಎಲ್ಲೂ ಬೇಡ.

## ಹಂತ 5: ಮಳೆಗಾಲ (ಕಂತು 11ರಿಂದ 26)

ಇಬ್ಬರನ್ನು ಒಂದೇ ಸೂರಿನಡಿ ಕೂಡಿಹಾಕಲು ಬರಹಗಾರರು ಗಾಯ, ಜ್ವರ, ಕಾಡಿನಲ್ಲಿ ದಾರಿ ತಪ್ಪುವುದು ಎಂದೆಲ್ಲ ಹೆಣಗುತ್ತಾರೆ. ಒದ್ದೆಬಟ್ಟೆ ಹಣೆಗಿಟ್ಟು ರಾತ್ರಿಯಿಡೀ ಕೂತ ನಾಯಕರ ಸಂಖ್ಯೆ ಕನ್ನಡದಲ್ಲಿ ಈಗಾಗಲೇ ಸಾಕಷ್ಟಿದೆ. ಈ ಜಿಲ್ಲೆಯಲ್ಲಿ ಅದರ ಗರಜೇ ಇಲ್ಲ. ಮಳೆ ಹಿಡಿದರೆ ಕಡಲು ಮುಚ್ಚುತ್ತದೆ, ಘಟ್ಟದ ದಾರಿ ಜಾರುತ್ತದೆ, ಹಡಗೂ ಇಲ್ಲ, ಹೇರೆತ್ತೂ ಇಲ್ಲ, ಓಲೆಕಾರನೂ ಇಲ್ಲ. ಅವಳ ತಮ್ಮ ಬದುಕಿದ್ದಾನೋ ಇಲ್ಲವೋ ನಾಲ್ಕು ತಿಂಗಳು ತಿಳಿಯುವುದಿಲ್ಲ.

ಕಂತುಗಳನ್ನು ಮಳೆನಕ್ಷತ್ರಕ್ಕೆ ಕಟ್ಟಿ. ಒಂದೊಂದು ಸುಮಾರು ಹದಿಮೂರು ಹದಿನಾಲ್ಕು ದಿನ.

ಮೃಗಶಿರ, 11 ಮತ್ತು 12: ಇಬ್ಬರೂ ಮನೆಯ ಗಡಿ ಗುರುತಿಸಿಕೊಳ್ಳುತ್ತಾರೆ. ಬೀಗದ ಕೈಗಳು ಅತ್ತೆಯ ಬಳಿ. ಮಾತು ಆಳುಗಳ ಮೂಲಕ.

ಆರಿದ್ರಾ, 13ರಿಂದ 15: ಆಷಾಢ ಬರುತ್ತದೆ. ಹೊಸ ಸೊಸೆ ತವರಿಗೆ ಹೋಗಬೇಕಾದ ತಿಂಗಳು. ಅವಳಿಗೆ ತವರು ಉಳಿದಿಲ್ಲ, ಉಳಿಸದವನು ಎದುರಿಗೇ ಇದ್ದಾನೆ. ‘ಮದುಮಗಳು ಈ ತಿಂಗಳು ಇಲ್ಲಿರಬಾರದು’ ಎಂದು ಮನೆಯ ಹೆಂಗಸರು ಗೊಣಗುವಾಗ ಅವನು ಏನು ಮಾಡುತ್ತಾನೆ ಎಂಬುದರ ಮೇಲೆ ಮೂರು ಕಂತು ನಿಲ್ಲಿಸಬಹುದು. ಅವನು ಮಾತಾಡದೆ ಹೊರಜಗಲಿಗೆ ಚಾಪೆ ಒಯ್ದು ತಿಂಗಳಿಡೀ ಅಲ್ಲೇ ಮಲಗಿದರೆ ಸಾಕು. ಕ್ಷಮೆ ಕೇಳಿಸಬೇಡಿ.

ಪುನರ್ವಸು, ಪುಷ್ಯ, 16ರಿಂದ 20: ಮಳೆ ಬಿಡದ ದಿನಗಳು. ಅಡಕೆ ಗೊನೆಗೆ ಕೊಳೆ ಬರದಂತೆ ಕೊಟ್ಟೆ (ಹಾಳೆಯ ಹೊದಿಕೆ) ಕಟ್ಟುವ ಕೆಲಸ, ಉಂಬಳ (ಜಿಗಣೆ), ಹೊನ್ನೆಎಣ್ಣೆಯ ದೀಪ, ಒಲೆಯ ಮೇಲಿನ ಅಟ್ಟದಲ್ಲಿ ಒಣಗದ ಬಟ್ಟೆ. ಹೊತ್ತು ಮುಳುಗುವುದು ಕಾಣದಷ್ಟು ಮೋಡವಿದ್ದಾಗ ಅವಳು ಊಟದ ಸಮಯ ಹೇಗೆ ತಿಳಿಯುತ್ತಾಳೆ? ಈ ಪ್ರಶ್ನೆ ಅವನಿಗೆ ಬಂತೆಂದರೆ ಕತೆ ಹಳಿಗೆ ಬಿತ್ತೆಂದೇ ಅರ್ಥ. ಋಣದ ಪಟ್ಟಿಯ ಬಲಬದಿಯ ಮೊದಲ ಸಾಲು ಹೊರಬೀಳುವುದು ಈ ಭಾಗದಲ್ಲಿ: ಓಲೆಯ ಅಕ್ಷರ ಅವಳದೆಂದು ಅವನಿಗೆ ತಿಳಿಯುತ್ತದೆ. ಮನೆಯ ಲೆಕ್ಕ ಬರೆಯಲು ಅವಳು ಕಂಠ (ತಾಳೆಗರಿಯಲ್ಲಿ ಬರೆಯುವ ಕಬ್ಬಿಣದ ಕಡ್ಡಿ) ಹಿಡಿದದ್ದೇ ಸಾಕ್ಷಿ.

ಆಶ್ಲೇಷ, ಮಘಾ, ಹುಬ್ಬೆ, 21ರಿಂದ 26: ಮಳೆ ಇಳಿಮುಖ. ನೂಲಹುಣ್ಣಿಮೆಗೆ ಕರಾವಳಿಯವರು ಕಡಲಿಗೆ ತೆಂಗಿನಕಾಯಿ ಬಿಡುತ್ತಾರೆ. ದಾರಿ ತೆರೆಯುವ ಸುದ್ದಿ ಘಟ್ಟದ ಮೇಲಕ್ಕೂ ಬರುತ್ತದೆ. ಕೂಡಿಟ್ಟದ್ದು ಸಡಿಲವಾಗುತ್ತಿದೆ ಎಂದು ಇಬ್ಬರಿಗೂ ಭಯವಾಗಬೇಕು. ಆ ಭಯಕ್ಕೆ ಇನ್ನೂ ಹೆಸರಿಡಬೇಡಿ.

ಎಚ್ಚರಿಕೆಯ ಗುರುತು: ಎರಡೇ ದಿನದಲ್ಲಿ ಮನೆಯ ಆಳುಗಳೆಲ್ಲ ಅವಳನ್ನು ಹಾಡಿಹೊಗಳಿದರೆ ನೀವು ಅವಳ ಕಡೆ ವಕೀಲಿಕೆ ಮಾಡುತ್ತಿದ್ದೀರಿ. ಸುಟ್ಟ ಊರಿನವರು ಅವರಲ್ಲೂ ಇದ್ದಾರೆ.

## ಹಂತ 6: ಮೊದಲು ಅಧಿಕಾರ, ಆಮೇಲೆ ಸ್ಪರ್ಶ

ಗೆದ್ದವನ ಕೈಯಲ್ಲಿ ಬೀಗ, ಕಾವಲು, ಒತ್ತೆ ಮೂರೂ ಇರುವಾಗ ಅವಳು ‘ಹೂಂ’ ಅಂದದ್ದು ಒಪ್ಪಿಗೆಯಾಗುವುದಿಲ್ಲ. ಆದ್ದರಿಂದ ಮುಟ್ಟುವ ಮೊದಲು ಅವನು ಒಂದು ನಿಜವಾದ ಅಧಿಕಾರವನ್ನು ಬಿಟ್ಟುಕೊಡಬೇಕು. ಅದು ಅವನಿಗೆ ನಷ್ಟ ತರುವಂಥದ್ದಾಗಿರಲಿ, ವಾಪಸು ಪಡೆಯಲು ಬಾರದ್ದಾಗಿರಲಿ. ಒಡವೆ, ಸೀರೆ ಲೆಕ್ಕಕ್ಕಿಲ್ಲ. ಓಲೆ ಒಡೆಯುವ ಕಲಮನ್ನು ಅವನೇ ತಾಳೆಗರಿಯಿಂದ ಕೆತ್ತಿ ತೆಗೆದರೆ? ಅವಳು ಅದೇ ವಾರ ಹೊನ್ನಾವರಕ್ಕೆ ಓಲೆ ಕಳಿಸಬಲ್ಲಳು. ಕಳಿಸುವಳೋ ಇಲ್ಲವೋ ಅವನಿಗೆ ಗೊತ್ತಾಗುವುದಿಲ್ಲ. ಈಗ ಆಯ್ಕೆ ಅವಳದಾಯಿತು.

ಅದಕ್ಕೆ ಮೊದಲು ಮುಟ್ಟದಿರುವ ದೃಶ್ಯಗಳನ್ನೇ ದುಡಿಸಿಕೊಳ್ಳಿ. ತೋಟದಲ್ಲಿ ಅವಳ ಹಿಮ್ಮಡಿಗೆ ಉಂಬಳ ಕಚ್ಚಿದೆ. ಅವನು ಬಗ್ಗಿ ಕೀಳುವುದಿಲ್ಲ, ಸೊಂಟದ ಸುಣ್ಣದ ಕಾಯಿ ಬಿಚ್ಚಿ ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಅವಳ ಕೈಯಲ್ಲಿ ಕತ್ತಿ ಇದೆ, ಅವನ ಬೆನ್ನು ಅವಳ ಕಡೆಗಿದೆ.

ಬಲಾತ್ಕಾರವನ್ನು ಶೃಂಗಾರವಾಗಿ ಬರೆದು ‘ಡಾರ್ಕ್’ ಎಂಬ ಹಣೆಪಟ್ಟಿಯಲ್ಲಿ ನುಸುಳಿಸಬೇಡಿ. ಕತ್ತಲು ಇರಬೇಕಾದ್ದು ಅವರ ಹಿಂದಿನ ಕೃತ್ಯಗಳಲ್ಲಿ, ಈಗಿನ ಆಯ್ಕೆಗಳಲ್ಲಿ. ಮೊದಲ ಸ್ಪರ್ಶ 24ನೇ ಕಂತಿಗಿಂತ ಮೊದಲು ಬೇಡ, ಅವಳೇ ಮುಂದಾಗಲಿ. ‘ಪ್ರೀತಿ’ ಎಂಬ ಪದ 30ನೇ ಕಂತಿನವರೆಗೆ ಯಾರ ಬಾಯಲ್ಲೂ ಬೇಡ.

## ಹಂತ 7: ಕಡಲು ತೆರೆದ ಮೇಲೆ (27ರಿಂದ 36)

ಹಸ್ತ, ಚಿತ್ತೆಯ ಹೊತ್ತಿಗೆ ಹಡಗುಗಳು ಬರುತ್ತವೆ, ಜತೆಗೆ ಹೊರಗಿನ ಲೋಕ. ಅವಳ ಕಡೆಯವರು ‘ಬಾಗಿಲು ತೆರೆದಿಡು’ ಎನ್ನುತ್ತಾರೆ. ಅವನ ದೊರೆ ‘ಕಪ್ಪ ಬಂದಿಲ್ಲ, ಒತ್ತೆಯವನನ್ನು ಮುಗಿಸಲೇ?’ ಎಂದು ಕೇಳಿಸುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಒಂದು ಸಲ ಮೋಸಮಾಡಲೇಬೇಕು, ಇಬ್ಬರಿಗೂ ಅದಕ್ಕೆ ಒಳ್ಳೆಯ ಕಾರಣ ಇರಬೇಕು. ಮೂರನೆಯ ಖಳನೊಬ್ಬ ಎಲ್ಲ ಪಾಪ ಹೊತ್ತುಕೊಂಡರೆ ಎರಡನೇ ಹಂತದ ದುಡಿಮೆ ನೀರುಪಾಲು.

## ಕಾಲ ತಪ್ಪುವ ವಸ್ತುಗಳು

1606ರ ಆಸುಪಾಸಿನ ಕತೆಯಲ್ಲಿ ಸಾಮಾನ್ಯವಾಗಿ ನುಸುಳುವವು: ಆಲೂಗಡ್ಡೆ, ಟೊಮೇಟೊ, ಚಹಾ. ಒಣಮೆಣಸಿನಕಾಯಿಯನ್ನು ತಂದವರು ಪೋರ್ಚುಗೀಸರು. ಘಟ್ಟದ ಮೇಲಿನ ಜೈನ, ಲಿಂಗಾಯತ ಅಡುಗೆಮನೆಗೆ ಖಾರಕ್ಕೆ ಕಾಳುಮೆಣಸನ್ನೇ ಕೊಡಿ. ಕರಾವಳಿ ಎಂದ ಕೂಡಲೇ ಮೀನು ಬಡಿಸುವವರಿದ್ದಾರೆ. ಈ ಎರಡೂ ಮನೆಯಲ್ಲಿ ಅದು ನಡೆಯದು. ಅವಳ ಎಲೆಗೆ ಸುವರ್ಣಗಡ್ಡೆ, ಈರುಳ್ಳಿಯೂ ಸಲ್ಲದು.

ಸೂರಿಗೆ ಹುಲ್ಲು ಅಥವಾ ನಾಡಹಂಚು. ಮಂಗಳೂರು ಹಂಚು 1865ರ ನಂತರದ್ದು. ಗೋಡೆಗೆ ಚಿರೆಕಲ್ಲು ಸರಿ. ಅಡಕೆಗೆ ಬೋರ್ಡೋ ದ್ರಾವಣ ಹೊಡೆಸಬೇಡಿ, ಅದು 19ನೇ ಶತಮಾನದ ಕೊನೆಯದು. ಕಾರವಾರದ ಇಂಗ್ಲಿಷರ ಕೋಠಿ 1638ರದ್ದು, ಅದಕ್ಕೆ ಮೊದಲು ಇಂಗ್ಲಿಷ್ ವರ್ತಕನನ್ನು ಅಲ್ಲಿ ಕೂರಿಸಬೇಡಿ. ಸದಾಶಿವಗಡದ ಕೋಟೆ ಇನ್ನೂ ನೂರು ವರ್ಷ ದೂರ. ಮೈಸೂರು ಸಿಲ್ಕ್ ಸೀರೆ ಉಡಿಸಿದವರಿಗೆ ಹೇಳುವುದೇನೂ ಇಲ್ಲ.

## ಹಂತ 8: ಕೊನೆ ಮತ್ತು ಪ್ರಕಟಣೆ (37ರಿಂದ 40)

ನೋಟುಪುಸ್ತಕ ತೆಗೆದು ಒಂದೊಂದು ಸಾಲಿಗೂ ಎದುರು ಕಂತಿನ ಸಂಖ್ಯೆ ಬರೆಯಿರಿ. ತೀರುವ ಋಣ ಎಲ್ಲಿ ತೀರಿತು? ಗದ್ದೆ ಬಸದಿಗೆ ವಾಪಸಾದದ್ದು ಕತೆಯಲ್ಲಿ ಕಂಡಿತೇ, ಇಲ್ಲ ನಿಮ್ಮ ತಲೆಯಲ್ಲೇ ಉಳಿಯಿತೇ? ಸಂಖ್ಯೆ ಬೀಳದ ಸಾಲು ಒಂದಿದ್ದರೂ ಹಿಂದಕ್ಕೆ ಹೋಗಿ ಸೇರಿಸಿ. ಅಣ್ಣನ ಸಾವಿನ ಎದುರು ಖಾಲಿಯೇ ಇರಲಿ. ಕೊನೆಯ ಕಂತಿನಲ್ಲಿ ಅಣ್ಣ ಸತ್ತ ದಿನ ಮರಳಿ ಬರಲಿ. ಆ ದಿನ ಗಂಡ ಆ ಮನೆಯಲ್ಲಿ ಎಲ್ಲಿರಬೇಕು, ಉಣ್ಣಬೇಕೋ ಬಾರದೋ ಎಂಬುದನ್ನು ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಲಿ. ಉತ್ತರ ಒಪ್ಪಿತವಾಗಬೇಕಿಲ್ಲ.

ಎಲ್ಲ 40 ಕಂತುಗಳ ಕರಡು ಮುಗಿಯುವ ಮೊದಲು ಮೊದಲನೆಯದನ್ನು ಹಾಕಬೇಡಿ. ಓದುಗರ ಒತ್ತಾಯಕ್ಕೆ ಸ್ಪರ್ಶವನ್ನು ಹತ್ತನೇ ಕಂತಿಗೆ ಎಳೆದು ತರುವವರು ಹೆಚ್ಚಾಗಿ ದಿನಾ ಬರೆದು ದಿನಾ ಹಾಕುವವರೇ. ಮೊದಲ ಕಂತಿನ ತಲೆಯಲ್ಲಿ ಇಷ್ಟು ಇರಲಿ: ‘ಈ ಕತೆಯಲ್ಲಿ ಯುದ್ಧದ ಹಿಂಸೆ, ಒಡಹುಟ್ಟಿದವರ ಸಾವು, ಬಲವಂತದ ಮದುವೆ ಇವೆ. ಲೈಂಗಿಕ ಬಲಾತ್ಕಾರ ಇಲ್ಲ. ಮುಖ್ಯ ಪಾತ್ರಗಳು ವಯಸ್ಕರು. ಎರಡೂ ಮನೆತನಗಳು ಕಲ್ಪಿತ. ಕೆಳದಿ, ಗೇರುಸೊಪ್ಪೆ, ಹೊನ್ನಾವರದ ಸಂಗತಿಗಳು ಹಿನ್ನೆಲೆ ಮಾತ್ರ.’